ಸೂಜಿಗೆ ಕೇಳಿಸಿದ ಗಿರಣಿ

ಮುದ್ದೇಬಿಹಾಳದ ಗುಜರಿ ಅಂಗಡಿಯಲ್ಲಿ ಸಿಕ್ಕ ಆ ಟರ್ನ್‌ಟೇಬಲ್ ಮನೆಬಳಕೆಯದಲ್ಲ, ಯಾವುದೋ ರೇಡಿಯೋ ನಿಲಯದ್ದು. ರೆಕಾರ್ಡು ಕೂರುವ ಲೋಹದ ಚಕ್ರವೊಂದನ್ನೇ ಎತ್ತಲು ಎರಡೂ ಕೈ ಬೇಕು. ಸಿಂದಗಿಗೆ ತಂದು ಬಿಚ್ಚಿದೆ. ಒಳಗೆ ಎಣ್ಣೆ ಅಂಟಾಗಿ ಹೆಪ್ಪುಗಟ್ಟಿತ್ತು. ಚಕ್ರವನ್ನು ತಿರುಗಿಸುವ ರಬ್ಬರ್ ಗಾಲಿ ಕಲ್ಲಾಗಿತ್ತು. ಒಂದೊಂದೇ ಭಾಗ ತೊಳೆದೆ. ಇಂಡಿ ಪಟ್ಟಣದ ಲೇತ್ ಅಂಗಡಿಯವರು ಗಾಲಿಗೆ ಹೊಸ ರಬ್ಬರ್ ಕೂರಿಸಿಕೊಟ್ಟರು. ಹಳೆಯ ಬಾಗಿಲಿನ ಹಲಗೆ ಕೊಯ್ಯಿಸಿ ಪೆಟ್ಟಿಗೆ ಮಾಡಿ, ಯಂತ್ರವನ್ನು ಅದರಲ್ಲಿ ಕೂರಿಸಿ, ಪಡಸಾಲೆಯ ಗೋಡೆಗೆ ಬಿಗಿದ ಕಬ್ಬಿಣದ ಚೌಕಟ್ಟಿನ ಮೇಲಿಟ್ಟೆ.

ತತ್ವಪದದ ರೆಕಾರ್ಡು ಹಾಕಿದೆ. ಹಾಡಿನ ಕೆಳಗೆ ಧಡ್, ಧಡ್ ಎಂಬ ಪೆಟ್ಟು. ಗಾಲಿಯದೇ ದೋಷವೆಂದುಕೊಂಡು ಮೋಟಾರು ನಿಲ್ಲಿಸಿದೆ. ಹಾಡು ನಿಂತಿತು. ಪೆಟ್ಟು ಮಾತ್ರ ಸ್ಪೀಕರಿನಿಂದ ಬರುತ್ತಲೇ ಇತ್ತು! ನಿಂತ ರೆಕಾರ್ಡಿನ ಮೇಲೆ ಕೂತ ಸೂಜಿಗೆ ಕೇಳಿಸುತ್ತಿರುವುದಾದರೂ ಏನು? ಊಟಕ್ಕೆ ಕರೆದದ್ದೂ ನನಗೆ ಗೊತ್ತಾಗಲಿಲ್ಲ.

ಹೆಂಡತಿ ಬಂದು ಗೋಡೆಗೆ ಅಂಗೈ ಹಚ್ಚಿದಳು. "ಇಲ್ಲಿ ಕೈ ಇಟ್ಟ ನೋಡ್ರಿ. ಆಕಡೆ ಗಿರಣಿ ನಡದೈತಿ."

ಗೋಡೆಯ ಆಚೆ ಹಿಟ್ಟಿನ ಗಿರಣಿ. ಅದನ್ನು ನಡೆಸುವ ಹಿರಿಯ ಹೆಂಗಸನ್ನು ಓಣಿಯವರೆಲ್ಲ ಕಾಕು ಎನ್ನುತ್ತೇವೆ. ಕರೆದಾಗ ಗಿರಣಿಗೆ ಜೋಳ ಸುರಿದು, ಹಿಟ್ಟಿನ ಕೈಯಲ್ಲೇ ಬಂದರು.

"ಅಯ್ಯ, ನನ್ನ ಗಿರಣಿ ನಿಮ್ಮ ಮನ್ಯಾಗ ಮಾತಾಡಾಕತ್ತೈತಲ್ಲೋ!" ಎಂದು ನಕ್ಕರು. ಆಮೇಲೆ ಸ್ಪೀಕರಿಗೆ ಕಿವಿಗೊಟ್ಟರು. "ಧಡ್ ಅಂದ ಮ್ಯಾಲ ಚಟ್ ಅಂತೈತಲ್ಲ, ಅದು ನಂಗ ಅಲ್ಲಿ ಕೇಳಂಗಿಲ್ಲ."

"ಏನದು ಕಾಕು?"

"ಪಟ್ಟಾದ ಜೋಡಣಿ ಬಿಡಾಕತ್ತಿರಬೇಕು."

ಓಡಿದರು. ಗಿರಣಿ ನಿಂತಿತು, ನಮ್ಮ ಸ್ಪೀಕರೂ ತಣ್ಣಗಾಯಿತು. ನಾವು ಹಿಂದೆಯೇ ಹೋಗಿ ನೋಡಿದರೆ, ಮೋಟಾರಿನಿಂದ ಗಿರಣಿಗೆ ಹಾಯ್ದ ಅಗಲವಾದ ಪಟ್ಟಾದ ಜೋಡಣೆಯಲ್ಲಿ ಎರಡು ಪಿನ್ನು ಕಿತ್ತು ಹೊರಗೆ ಚಾಚಿದ್ದವು.

"ಹರದಿದ್ರ ನನ್ನ ಮಾರಿಗೇ ಬಡೀತಿತ್ತು," ಎಂದು ಕಾಕು ಚೀಲದ ಮೇಲೆ ಕೂತರು. ಹೆಂಡತಿ ನೀರು ತಂದುಕೊಟ್ಟಳು.

ಮರುದಿನ ಹೊಸ ಪಟ್ಟಾ ಬಂತು, ಗಿರಣಿ ಮತ್ತೆ ನಡೆಯಿತು. ಅಷ್ಟರಲ್ಲಿ ನಾನು ಟರ್ನ್‌ಟೇಬಲನ್ನು ಗೋಡೆಯಿಂದ ಇಳಿಸಿ, ಎದುರು ಮೂಲೆಯಲ್ಲಿ ಸೈಕಲ್ ಟ್ಯೂಬಿನ ತುಂಡುಗಳ ಮೇಲೆ ಹಾಸುಗಲ್ಲಿಟ್ಟು ಕೂರಿಸಿದ್ದೆ. ಪೆಟ್ಟಿಲ್ಲದೆ ಹಾಡು ತಿಳಿಯಾಗಿ ಬರುತ್ತಿತ್ತು. ಕಾಕು ಬಾಗಿಲಲ್ಲೇ ನಿಂತು ಅರ್ಧ ಹಾಡು ಕೇಳಿದರು.

"ಹಾಡು ಛಲೋ ಐತಿ. ಆದ್ರ ಒಮ್ಮೆ ಮತ್ತ ಗ್ವಾಡಿಗೆ ಇಡಪಾ, ಗಿರಣಿ ಕೇಳೂಣು."

ನಾನೂ ಹೆಂಡತಿಯೂ ಸೇರಿ ಅಷ್ಟು ಭಾರವನ್ನು ಪುನಃ ಎತ್ತಿದೆವು. ಧಡ್, ಧಡ್. ಚಟ್ ಎಂಬುದು ಇರಲಿಲ್ಲ. ಕಾಕು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳಿದರು.