ತೋಳು ನಲವತ್ತೆರಡು ಇಂಚು

ಕಂಪ್ಯೂಟರ್ ರಿಪೇರಿ ಅಂಗಡಿಗೆ ಸಂಬಳಕ್ಕೆ ಸೇರಿದ ಮೊದಲ ವಾರವೇ ಅವನು ಒಂದು ಘನಕಾರ್ಯ ಮಾಡಿದ್ದ. ಹಲ್ಲಿನ ಡಾಕ್ಟರೊಬ್ಬರ ಹಳೆಯ ಕಂಪ್ಯೂಟರಿನಲ್ಲಿದ್ದ ರೋಗಿಗಳ ಪಟ್ಟಿಯ ಪ್ರೋಗ್ರಾಮನ್ನು ಹೊಸದಕ್ಕೆ ಹಾಕಿಕೊಡಬೇಕಿತ್ತು. ಹೋದ, ಪರದೆಯ ಮೇಲೆ ಹಲ್ಲಿನ ಚಿತ್ರದ ಹಾಗಿದ್ದ ಐಕಾನನ್ನು ಪೆನ್ ಡ್ರೈವಿಗೆ ಎಳೆದುಕೊಂಡ, ಹೊಸ ಕಂಪ್ಯೂಟರಿಗೆ ಬಿಟ್ಟ, ಬಂದ. ಡಾಕ್ಟರು "ಇಷ್ಟು ಬೇಗ ಆಯ್ತಾ?" ಎಂದದ್ದಕ್ಕೆ "ಪ್ರಾಕ್ಟೀಸು ಸಾರ್" ಎಂದು ಬೇರೆ ಹೇಳಿದ್ದ. ಪ್ರೋಗ್ರಾಮು ಎಂದರೆ ಆ ಚಿತ್ರವೇ ಎಂದು ಅವನು ಮನಸಾರೆ ನಂಬಿದ್ದ. ಮನೆ ಸಾಗಿಸಿ ಬಾ ಎಂದು ಕಳಿಸಿದರೆ ಬಾಗಿಲ ಮೇಲಿನ ಹೆಸರಿನ ಹಲಗೆಯನ್ನಷ್ಟೇ ಕಿತ್ತು ತಂದ ಹಾಗಾಯಿತು.

ನಾಲ್ಕು ವರ್ಷವಾದರೂ ಅಂಗಡಿಯ ಯಜಮಾನರು ಅದನ್ನು ಮರೆತಿಲ್ಲ. ಟೈಲರಮ್ಮನ ಕೆಲಸ ಬಂದ ದಿನವೂ ಅದನ್ನೇ ತೆಗೆದರು.

"ಹಳೇ ಕಂಪ್ಯೂಟರ್ ಸುಟ್ಟಿದೆಯಂತೆ. ಹೊಸದು ಬೇರೆ ಆಪರೇಟಿಂಗ್ ಸಿಸ್ಟಮ್. ಹಳೇ ಪ್ರೋಗ್ರಾಮ್ ಅದ್ರಲ್ಲಿ ಓಡಬೇಕಂತೆ. ಹೋಗಿ ನೋಡು. ಈ ಸಲ ಐಕಾನ್ ಒಂದನ್ನೇ ಹೊತ್ಕೊಂಡು ಬರಬೇಡ."

"ಅದು ನಾಲ್ಕು ವರ್ಷದ ಹಿಂದಿನ ಮಾತು ಸಾರ್."

"ಹಲ್ಲಿನ ಡಾಕ್ಟ್ರಿಗೆ ನಿನ್ನೆಯದು."

ಟೈಲರಮ್ಮನ ಅಂಗಡಿ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಕೋಣೆ. ಒಳಗೆ ಕತ್ತರಿಸುವ ಮೇಜು, ಅದರ ಪಕ್ಕ ಹೊಲಿಗೆ ಯಂತ್ರ, ಮೂಲೆಯಲ್ಲಿ ಕಂಪ್ಯೂಟರು. ಯಾರಾದರೂ ಮೆಟ್ಟಿಲು ಇಳಿದರೆ ತಲೆಯ ಮೇಲೆ ದಡದಡ ಸದ್ದು. ಐವತ್ತೆಂಟರ ಟೈಲರಮ್ಮ ಕೊರಳಿಗೆ ಟೇಪು, ಜಡೆಗೆ ಪೆನ್ಸಿಲು ಸಿಕ್ಕಿಸಿಕೊಂಡು, ಬಂದವರ ಮುಖ ನೋಡುವ ಮೊದಲು ಭುಜ ನೋಡುವವರು. ಅವನನ್ನೂ ಹಾಗೇ ನೋಡಿದರು.

"ಬಲಗಡೆ ಇಳಿದಿದೆ. ಬ್ಯಾಗು ಒಂದೇ ಕಡೆ ಹಾಕ್ತೀರಾ?"

ಅವನು ಗಬಕ್ಕನೆ ಬ್ಯಾಗನ್ನು ಎಡಕ್ಕೆ ಹಾಕಿಕೊಂಡ.

ಅವರು ಹೊಲಿಯುವುದು ಸಿದ್ಧ ಉಡುಪು ಹಿಡಿಸದ ಮೈಗಳಿಗೆ. ಗೂನು ಬೆನ್ನು, ಗಿಡ್ಡ ತೋಳು, ಒಂದು ಕಡೆ ವಾಲಿದ ಸೊಂಟ. ಹತ್ತೊಂಬತ್ತನೇ ವಯಸ್ಸಿಗೆ ಬಟ್ಟೆ ಕಾರ್ಖಾನೆ ಸೇರಿ ಹನ್ನೊಂದು ವರ್ಷ ಬರೀ ಎಡಜೇಬು ಹೊಲಿದವರು. ದಿನಕ್ಕೆ ಮುನ್ನೂರು ಎಡಜೇಬು. ಬಲಜೇಬು ಯಾರು ಹೊಲಿಯುತ್ತಿದ್ದರು ಎಂದು ಕೊನೆಯವರೆಗೂ ಗೊತ್ತಾಗಲಿಲ್ಲವಂತೆ. ಆ ಕಾರ್ಖಾನೆಯಲ್ಲಿ ಇದ್ದದ್ದು ನಾಲ್ಕು ಅಳತೆ. ಅವರ ಅಪ್ಪನ ಗೂನು ಆ ನಾಲ್ಕರಲ್ಲಿ ಯಾವುದಕ್ಕೂ ಒಗ್ಗಲಿಲ್ಲ. ಕೆಲಸ ಬಿಟ್ಟ ತಿಂಗಳು ಅಪ್ಪನಿಗೊಂದು ಶರ್ಟು ಹೊಲಿದರು. ಕನ್ನಡಿಯ ಮುಂದೆ ಅಪ್ಪ ಬಹಳ ಹೊತ್ತು ಪಕ್ಕಕ್ಕೆ ತಿರುಗಿಕೊಂಡೇ ನಿಂತಿದ್ದರಂತೆ. ಅಂದಿನಿಂದ ಇದೇ ಕೆಲಸ.

"ಪ್ರೋಗ್ರಾಮು ನನ್ನ ತಮ್ಮ ಮಾಡಿದ್ದು," ಎಂದರು. "ನೀರಿನ ಕಚೇರೀಲಿ ಗುಮಾಸ್ತ. ಪುಸ್ತಕ ಓದಿ ತಾನೇ ಕಲಿತ. ಅಳತೆ ಹಾಕಿದ್ರೆ ಕತ್ತರಿಸೋ ನಕ್ಷೆ ಕಾಗದದ ಮೇಲೆ ಬರುತ್ತೆ. ಒಳಗೆ ನಾನೂರ ಹನ್ನೆರಡು ಜನರ ಮೈ ಇದೆ."

"ಅವರನ್ನೇ ಒಂದ್ಸಲ ಕೇಳಬಹುದಲ್ಲಾ ಅಮ್ಮಾ?"

"ಆರು ವರ್ಷ ಆಯ್ತು ಅವನು ಹೋಗಿ."

ಬ್ಯಾಗು ತಾನಾಗಿಯೇ ಮತ್ತೆ ಬಲಭುಜಕ್ಕೆ ಬಂದಿತ್ತು.

ಸುಟ್ಟ ಕಂಪ್ಯೂಟರಿನ ಡಿಸ್ಕು ಪುಣ್ಯಕ್ಕೆ ಚೆನ್ನಾಗಿತ್ತು. ಹೊಸದು ಗಿರಾಕಿಯೊಬ್ಬರು ತಮ್ಮ ಕಚೇರಿಯಲ್ಲಿ ಬೇಡವಾದದ್ದನ್ನು ತಂದುಕೊಟ್ಟದ್ದು. ಅವನು ತಮ್ಮನ ಪ್ರೋಗ್ರಾಮನ್ನು, ಈ ಸಲ ಪೂರ್ತಿ ಫೋಲ್ಡರನ್ನೇ, ಅದಕ್ಕೆ ಹಾಕಿ ಒತ್ತಿದ. ಇದು ಯಾವ ಜಾತಿಯ ಫೈಲೋ ನನಗೆ ತಿಳಿಯದು ಎಂದಿತು ಕಂಪ್ಯೂಟರು.

"ಹೊಸ ಪ್ರೋಗ್ರಾಮ್‌ಗಳು ಬಂದಿವೆ ಅಮ್ಮಾ. ಪರದೆ ಮೇಲೆ ಬಟ್ಟೆ ಗಿರಗಿರ ತಿರುಗಿಸಿ ತೋರಿಸ್ತವೆ."

"ನನ್ನ ಗಿರಾಕಿಗಳೇ ತಿರುಗಿ ತೋರಿಸ್ತಾರೆ. ನನಗೆ ಇದೇ ಬೇಕು. ಇದು ಆಗ್ಲಿಲ್ಲ ಅಂದ್ರೆ ಅಂಗಡಿ ಮುಚ್ತೀನಿ, ಅಷ್ಟೇ."

ಅದನ್ನು ಅವರು ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ನಾಳೆ ಬೀದಿಯಲ್ಲಿ ನೀರು ಬರುವುದಿಲ್ಲ ಎನ್ನುವ ಹಾಗೆ ಹೇಳಿದರು. ಅವನಿಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಇಂಥದ್ದಕ್ಕೆಂದೇ ಒಂದು ತಂತ್ರಾಂಶವಿದೆ. ಹಳೆಯ ಪ್ರೋಗ್ರಾಮು ತನ್ನ ಭಾಷೆಯಲ್ಲಿ ಏನು ಕೇಳಿದರೂ ನಡುವೆ ನಿಂತು ಹೊಸ ಯಂತ್ರಕ್ಕೆ ತಿಳಿಯುವ ಹಾಗೆ ದಾಟಿಸುತ್ತದೆ. ಅವನು ಅದನ್ನು ಇಳಿಸಿಕೊಳ್ಳುತ್ತ ವಿವರಿಸಿದ. "ಹಳೇ ಮನೆಯಲ್ಲಿ ಏನೇನು ಎಲ್ಲೆಲ್ಲಿತ್ತೋ ಹಾಗೇ ಒಂದು ಕೋಣೆ ಜೋಡಿಸಿಕೊಡುತ್ತೆ ಅಮ್ಮಾ. ಪ್ರೋಗ್ರಾಮಿಗೆ ಊರು ಬಿಟ್ಟಿದ್ದೇ ಗೊತ್ತಾಗಲ್ಲ."

"ಅಂದ್ರೆ ಅದಕ್ಕೆ ಟೋಪಿ ಹಾಕ್ತಿದೀರಿ."

"ಹಾಗಲ್ಲ..."

"ತಪ್ಪೇನಿಲ್ಲ ಬಿಡಿ. ಪೋಸ್ಟ್‌ಮ್ಯಾನ್ ಒಬ್ಬರಿದಾರೆ, ಮೂವತ್ತು ವರ್ಷ ಚೀಲ ಹೊತ್ತು ಎಡಭುಜ ಕುಸಿದಿದೆ. ಅವರ ಕೋಟಿಗೆ ನಾನೂ ಒಳಗಡೆ ಹತ್ತಿ ಇಡ್ತೀನಿ. ಪಾಪ, ಕೋಟಿಗೆ ಎರಡೂ ಭುಜ ಸಮ ಅಂತಲೇ ಅನ್ಸೋದು."

ನಾಲ್ಕು ವರ್ಷದಿಂದ ಗಿರಾಕಿಗಳಿಗೆ ಅವನು ಬೆವರಿಳಿಸಿಕೊಂಡು ಹೇಳುತ್ತಿದ್ದದ್ದನ್ನು ಅವರು ಒಂದು ಕೋಟಿನಲ್ಲಿ ಮುಗಿಸಿಬಿಟ್ಟರು.

ಎರಡನೇ ದಿನ ಮಧ್ಯಾಹ್ನ ಪ್ರೋಗ್ರಾಮು ತೆರೆಯಿತು. ಗಿರಾಕಿಗಳ ಅಂಕಿಗಳೆಲ್ಲ ಇದ್ದವು. ಪೋಸ್ಟ್‌ಮ್ಯಾನಿನ ನಂಬರು ಹಾಕಿ ನಕ್ಷೆ ಮುದ್ರಿಸಿದರು. ಟೈಲರಮ್ಮ ಕಾಗದದ ಮೇಲೆ ಟೇಪು ಹಿಡಿದು ಭುಜ, ಎದೆ, ತೋಳು ಎಲ್ಲ ಅಳೆದರು. ನೂಲಿನೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಅವನು ಎದ್ದು ಕೈ ಒರೆಸಿಕೊಂಡ. ಯಜಮಾನರ ಮುಂದೆ ಹೇಗೆ ನಡೆದುಕೊಂಡು ಹೋಗಬೇಕು ಎಂಬುದನ್ನೂ ಮನಸ್ಸಿನಲ್ಲೇ ಅಭ್ಯಾಸ ಮಾಡಿದ.

ಆಗ ಟೈಲರಮ್ಮ ಕುರ್ಚಿ ಎಳೆದುಕೊಂಡು ಕೂತು ಯಾವುದೋ ಅಂಕಿ ಒತ್ತಿದರು. ಪುಟ್ಟ ಪೆಟ್ಟಿಗೆಯೊಂದು ಎದ್ದು ಬಂತು. ಅದರೊಳಗೆ ಕೊಂಬು, ಬಾಲ, ಚುಕ್ಕೆ ಇರುವ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು.

"ಇದು ಸರಿ ಬಂದಿಲ್ಲ."

"ಅದು ಎರರ್ ಅಮ್ಮಾ. ಅಳತೆ ತಪ್ಪು ಬಿದ್ದಿದೆ ಅಂತ ಹೇಳ್ತಿದೆ. ಓಕೆ ಒತ್ತಿ, ಹೋಗುತ್ತೆ."

"ಹೋಗಬಾರದು."

"ನಕ್ಷೆ ಸರಿಯಾಗಿದೆ, ಅಂಕಿ ಸರಿಯಾಗಿದೆ. ಇನ್ನೇನು ಬೇಕು?"

ಟೈಲರಮ್ಮ ಕೊರಳಿನ ಟೇಪನ್ನು ತೆಗೆದು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಮೇಲೆ ಯಾರೋ ದಡದಡನೆ ಇಳಿದು ಹೋದರು. ಟೈಲರಮ್ಮನ ಕಣ್ಣು ಮಾತ್ರ ಆ ಪೆಟ್ಟಿಗೆಯ ಮೇಲೇ ಇತ್ತು, ಊರಿಂದ ಬಂದ ನಂಟರು ತಮ್ಮ ಗುರುತು ಹಿಡಿಯದೆ ನಿಂತಾಗ ನೋಡುವ ಹಾಗೆ.

ಹೊರಟುಬಿಡಬಹುದಿತ್ತು. ಹಲ್ಲಿನ ಡಾಕ್ಟರ ಕಾಲದವನಾಗಿದ್ದರೆ ಹೊರಟೇಬಿಡುತ್ತಿದ್ದ. ಆದರೆ ಆ ಗೀಚುಗಳನ್ನು ಅವನು ಎಲ್ಲೋ ನೋಡಿದ್ದ. ತನ್ನ ಅಕ್ಕನ ಮದುವೆಯ ಕರೆಯೋಲೆಯ ಹಳೆಯ ಫೈಲನ್ನು ಕಂಪ್ಯೂಟರಿನಲ್ಲಿ ತೆರೆದಾಗಲೂ ಹೀಗೇ ಬಂದಿತ್ತು. ಹಿಂದೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಒಬ್ಬೊಬ್ಬರು ಒಂದೊಂದು ಫಾಂಟು, ಅಂದರೆ ಅಕ್ಷರಗಳ ಅಚ್ಚು, ಬಳಸುತ್ತಿದ್ದರು. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅದೇ ಬರಹ ಹೀಗೆ ಹುಚ್ಚುಚ್ಚಾಗಿ ಕಾಣುತ್ತದೆ. ಪ್ರೋಗ್ರಾಮು, ಅಳತೆಗಳು ಎಲ್ಲವನ್ನೂ ತಂದಿದ್ದ. ಅಕ್ಷರಗಳನ್ನು ತರುವುದನ್ನೇ ಮರೆತಿದ್ದ. ಒಟ್ಟಿನಲ್ಲಿ ಮತ್ತೆ ಹೆಸರಿನ ಹಲಗೆ, ಈ ಸಲ ಸ್ವಲ್ಪ ದೊಡ್ಡದು.

ಮತ್ತೆ ಕೂತ. ಹಳೆಯ ಡಿಸ್ಕನ್ನು ಜೋಡಿಸಿ, ಫಾಂಟುಗಳ ಫೋಲ್ಡರು ಹುಡುಕಿ, ಟೈಲರಮ್ಮನ ತಮ್ಮ ಬಳಸಿದ್ದ ಕನ್ನಡ ಫಾಂಟನ್ನು ಆ ಜೋಡಿಸಿದ ಕೋಣೆಯೊಳಗೆ ಇಟ್ಟ. ಪ್ರೋಗ್ರಾಮು ಮುಚ್ಚಿ ತೆರೆದ.

"ಈಗ ನೋಡಿ ಅಮ್ಮಾ."

ಟೈಲರಮ್ಮ ಪೋಸ್ಟ್‌ಮ್ಯಾನಿನ ಪುಟ ತೆರೆದರು. ತೋಳಿನ ಜಾಗದಲ್ಲಿ ಇಪ್ಪತ್ತನಾಲ್ಕು ಇತ್ತು. ಕೀಲಿಮಣೆಯತ್ತ ನೋಡದೆಯೇ ಅದನ್ನು ಅಳಿಸಿ ನಲವತ್ತೆರಡು ಎಂದು ಒತ್ತಿದರು. ಪೆಟ್ಟಿಗೆ ಎದ್ದು ಬಂತು, ಒಳಗೆ ಆ ತಮ್ಮ ಬರೆದಿಟ್ಟ ಕನ್ನಡದ ಸಾಲು.

"ಅಕ್ಕಾ, ತೋಳು ಕಾಲಿಗಿಂತ ಉದ್ದ ಆಯ್ತು. ಕೋಟು ಪೋಸ್ಟ್‌ಮ್ಯಾನಿಗೋ, ಮಂಗನಿಗೋ?"

ಅವರು ಓಕೆ ಒತ್ತಿ ಮತ್ತೆ ಅದೇ ಅಂಕಿ ಹಾಕಿದರು.

"ಅಕ್ಕಾ, ಕನ್ನಡಕ ಹಣೆ ಮೇಲಿದೆ, ಇಳಿಸ್ಕೋ."

ಕನ್ನಡಕ ನಿಜವಾಗಿಯೂ ಹಣೆಯ ಮೇಲಿತ್ತು. ಇಳಿಸಿಕೊಂಡರು. ಮೂರನೇ ಸಲ ಒತ್ತಿದರು.

"ಅಕ್ಕಾ, ಸಾಕು ಇವತ್ತಿಗೆ. ಎದ್ದು ಒಂದು ಲೋಟ ನೀರು ಕುಡಿ. ಬಟ್ಟೆ ಎಲ್ಲೂ ಓಡಿಹೋಗಲ್ಲ."

ಟೈಲರಮ್ಮ ಎದ್ದರು. ಕಿಟಕಿಯ ಕಟ್ಟೆಯ ಮೇಲಿದ್ದ ಹೂಜಿಯಿಂದ ನೀರು ಬಗ್ಗಿಸಿಕೊಂಡು, ಬೀದಿಗೆ ಮುಖ ಮಾಡಿ, ಒಂದೇ ಗುಟುಕಿಗೆ ಕುಡಿಯದೆ ನಿಧಾನವಾಗಿ ಕುಡಿದರು. ಇನ್ನೊಂದು ಲೋಟ ತುಂಬಿ ಅವನ ಮುಂದೆ ಇಟ್ಟರು.

"ಒಂದ್ಸಲ ಅವನ ಊಟದ ಡಬ್ಬಿಯ ಚೀಲ ಹೊಲಿಯೋವಾಗ ಅಳತೆ ತಪ್ಪಿದ್ದೆ," ಎಂದರು. "ಡಬ್ಬಿಯ ಬದಲು ಅವನೇ ಒಳಗೆ ಹಿಡಿಸ್ತಿದ್ದ. ಅವತ್ತು ರಾಗ ಎತ್ತಿದ, ನಿನಗೊಂದು ಪ್ರೋಗ್ರಾಮು ಮಾಡಿಕೊಡ್ತೀನಿ ತಾಳು ಅಂತ. ಎರಡು ವರ್ಷ ತಗೊಂಡ. ನನ್ನನ್ನ ಅಕ್ಕ ಅನ್ನೋಕೆ ಇದ್ದವನು ಅವನೊಬ್ಬನೇ. ಬೀದಿಗೆಲ್ಲಾ ನಾನು ಟೈಲರಮ್ಮ."

ಅವನು ನೀರು ಕುಡಿದ. ನಾನೂರ ಹನ್ನೆರಡು ಮೈಗಳಿಗೋಸ್ಕರ ಬಂದೆನೆಂದುಕೊಂಡಿದ್ದವನಿಗೆ, ಈ ಮೂರು ಸಾಲಿಗೋಸ್ಕರ ಬಂದದ್ದು ಎಂದು ತಿಳಿಯಲು ಎರಡು ದಿನ ಹಿಡಿದಿತ್ತು. ಹೋಗುವ ಮುನ್ನ ಫೋಲ್ಡರಿನ ಎರಡು ಪ್ರತಿ ಮಾಡಿದ, ಫಾಂಟಿನ ಸಮೇತ. ಒಂದನ್ನು ಪೆನ್ ಡ್ರೈವಿಗೆ ಹಾಕಿ ಮೇಜಿನ ಖಾನೆಯಲ್ಲಿ ಸೂಜಿಗಳ ಡಬ್ಬಿಯ ಪಕ್ಕ ಇಟ್ಟ. ಇನ್ನೊಂದನ್ನು ರಿಪೇರಿ ಅಂಗಡಿಗೆ ಒಯ್ಯುವೆನೆಂದ. ಅವರು ತಲೆಯಾಡಿಸಿದರು.

ಬ್ಯಾಗನ್ನು ನೆನಪಿಟ್ಟು ಎಡಭುಜಕ್ಕೆ ಹಾಕಿಕೊಂಡು ಬಾಗಿಲವರೆಗೆ ಹೋದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಆದರೆ ಎರಡು ದಿನದಲ್ಲಿ ಈ ಹೆಂಗಸು ಒಂದು ಅಂಕಿಯನ್ನೂ ತಪ್ಪು ಒತ್ತಿದ್ದನ್ನು ಅವನು ಕಂಡಿರಲಿಲ್ಲ. ಆ ನಲವತ್ತೆರಡನ್ನು ಮಾತ್ರ ಅವರ ಬೆರಳು, ಮನೆಯ ದಾರಿ ಹಿಡಿದ ಹಾಗೆ, ತಾನಾಗಿ ಒತ್ತಿತ್ತು. ಕೇಳಬಾರದು ಎಂದುಕೊಳ್ಳುತ್ತಲೇ ಕೇಳಿಬಿಟ್ಟ.

"ಅಮ್ಮಾ, ಬೈಸ್ಕೊಳ್ಳೋಕೆ ಅಂತಲೇ ತಪ್ಪು ಅಳತೆ ಹಾಕ್ತೀರಾ?"

ಟೈಲರಮ್ಮ ಪೋಸ್ಟ್‌ಮ್ಯಾನಿನ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡುತ್ತಿದ್ದರು. ತಲೆಯೆತ್ತಲಿಲ್ಲ.

"ಹೂಂ, ದಿನಾ ಹಾಕ್ತೀನಿ. ಕತ್ತರಿ ಆಡಿಸೋ ಮುಂಚೆ ಸರಿ ಮಾಡ್ತೀನಲ್ಲ, ನಿಮಗೇನು ಕಷ್ಟ?"