ಉಡಿಯೊಳಗಿನ ಕೋಳಿ

ಇಂಥದ್ದನ್ನೆಲ್ಲ ನಂಬುವವಳು ನಾನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ದುಃಖ ಕೇಳಿ ಕೇಳಿ ಅದು ನಮಗೂ ಅಂಟಿಕೊಳ್ಳುತ್ತದೆ, ನಡುನಡುವೆ ರಜೆ ಹಾಕಿ, ನಿಮ್ಮ ಮನಸ್ಸನ್ನೂ ನೋಡಿಕೊಳ್ಳಿ ಎಂದು ತರಬೇತಿಯಲ್ಲಿ ಹೇಳಿದಾಗ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕವಳು ನಾನು. ಅಂಟಲಿಕ್ಕೆ ದುಃಖವೇನು ನೆಗಡಿಯೇ?

ಬೆಳಗಾವಿಯ ಒಂದು ಸಣ್ಣ ಸಂಸ್ಥೆಯಲ್ಲಿ ಹದಿಹರೆಯದ ಮಕ್ಕಳ ಕಷ್ಟ ಕೇಳುವುದು ನನ್ನ ಕೆಲಸ. ಮಂಗಳವಾರ ಖಾನಾಪುರದ ಪಾಳಿ. ಮಕ್ಕಳ ಮುಂದೆ ಪೆನ್ನು ಹಿಡಿಯಬಾರದು ಎಂಬುದು ನಮ್ಮ ನಿಯಮ. ವಾಪಸು ಬರುವಾಗ ಬಸ್ಸಿನಲ್ಲಿ ಕೂತು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಬೇಕು. 'ಆಕೆ ಅತ್ತಳು' ಅಲ್ಲ, 'ನಾನು ಅತ್ತೆ'. ಹೀಗೆ ಎಷ್ಟೋ ಮಕ್ಕಳ 'ನಾನು' ನನ್ನ ಕೈಬರಹದಲ್ಲಿದೆ. ಬೆಳಗಾವಿಯ ಅಂಚಿನ ಪೀರನವಾಡಿ ಬರುವಷ್ಟರಲ್ಲಿ ಬರೆದು ಮುಗಿಸಿ, ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗುತ್ತಿದ್ದೆ. ನನಗೇನೂ ಆಗುವುದಿಲ್ಲ ಎಂಬ ಜಂಬವೂ ಇತ್ತು.

ಪ್ರತಿ ಶುಕ್ರವಾರ ನಮ್ಮ ಹಿರಿಯರಾದ ಕಸ್ತೂರಿ ಅಕ್ಕ ಎಲ್ಲರನ್ನೂ ಕೂರಿಸಿಕೊಂಡು, ಆ ವಾರ ಮನಸ್ಸಿಗೆ ಭಾರವಾದದ್ದನ್ನು ಹೇಳಿಸುತ್ತಿದ್ದರು. ನನ್ನ ಸರದಿ ಬಂದಾಗ ಏನಿಲ್ಲವೆಂದು ಚಹಾ ಕುಡಿಯುವುದು ನನ್ನ ರೂಢಿ. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಮಾತ್ರ, ಯಾಕೋ, ಚಿಕ್ಕಂದಿನ ಸಂಗತಿಯೊಂದನ್ನು ಹೇಳತೊಡಗಿದೆ. ಅಪ್ಪ ಕುಡಿದು ಬಂದ ದಿನ ನಾನು ಹಿತ್ತಲಿನ ನೀಲಿ ಡ್ರಮ್ಮಿನೊಳಗೆ ಅಡಗಿ ಕೂತದ್ದು, ಉಡಿಯಲ್ಲಿದ್ದ ಕೋಳಿ ಕೂಗಬಾರದೆಂದು ಅದರ ಬಾಯಿ ಒತ್ತಿ ಹಿಡಿದದ್ದು, ಕೈ ಬಿಟ್ಟಾಗ ಅದು ಸತ್ತಿದ್ದದ್ದು. ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತೆ.

ಕಸ್ತೂರಿ ಅಕ್ಕ ಮೆಲ್ಲಗೆ, "ಇದು ಯಾವ ಹುಡುಗಿದವ್ವಾ?" ಎಂದು ಕೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ನನ್ನದೇ ಎಂದೆ. ಆದರೆ ಮನೆಗೆ ಹೋಗುವ ದಾರಿಯಲ್ಲಿ ಒಂದೊಂದನ್ನೇ ನೆನೆದು ನೋಡಿದೆ. ನಮ್ಮಪ್ಪ ಜನ್ಮದಲ್ಲಿ ಕುಡಿದವರಲ್ಲ. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ ನಮ್ಮದು. ಕೋಳಿಯನ್ನು ನಾನು ಮುಟ್ಟಿದ್ದೇ ಇಲ್ಲ. ಮರುದಿನ ಹಳೆಯ ನೋಟ್‌ಬುಕ್ಕುಗಳನ್ನೆಲ್ಲ ತಿರುವಿ ಹಾಕಿದೆ. ಯಾವ ಮಗುವೂ ಅದನ್ನು ಹೇಳಿರಲಿಲ್ಲ.

ಹದಿನೈದು ದಿನ ರಜೆ ಹಾಕು ಎಂದು ಅಕ್ಕ ಒತ್ತಾಯಿಸಿದರು. ನಾನು ಕೇಳಲಿಲ್ಲ. ಗುಂಜಿ ಕಡೆಯ ಹುಡುಗಿಯೊಬ್ಬಳು, ರೇಣುಕಾ ಎನ್ನೋಣ, ಮೂರು ಭೇಟಿಯಲ್ಲೂ ತುಟಿ ಬಿಚ್ಚದವಳು, ಬರುವ ಮಂಗಳವಾರ ಹೇಳುತ್ತೇನೆ ಎಂದಿದ್ದಳು. ಆಕೆ ತಾನಾಗಿ ಹೇಳಿಕೊಂಡರೆ ಮಾತ್ರ ಅವಳನ್ನು ಅವಳ ಮನೆಯಿಂದ ಬಿಡಿಸಿ ಹಾಸ್ಟೆಲಿಗೆ ಸೇರಿಸಲು ದಾರಿಯಿತ್ತು. ನಾನಿಲ್ಲದೆ ಹೇಗಾದೀತು ಎಂದುಕೊಂಡು ಹೊರಟೆ.

ಮಟಮಟ ಮಧ್ಯಾಹ್ನ. ಖಾನಾಪುರದ ನಮ್ಮ ಕೋಣೆಯಲ್ಲಿ ಇಬ್ಬರೂ ಚಾಪೆಯ ಮೇಲೆ ಕೂತೆವು. ರೇಣುಕಾ ಉಗುರು ಕಚ್ಚುತ್ತ ಅಪ್ಪನ ಕುಡಿತದ ವಿಷಯ ಹೇಳಿದಳು, ಹಿತ್ತಲಿಗೆ ಓಡಿದ್ದನ್ನು ಹೇಳಿದಳು. "ಅಲ್ಲೊಂದು ಡ್ರಮ್ ಇತ್ರಿ. ಅದರಾಗ ಕುಂತಿದ್ನಿರಿ" ಎಂದು ಸುಮ್ಮನಾದಳು. ಅಂಥ ಹೊತ್ತಿನಲ್ಲಿ ಸುಮ್ಮನೆ ಕಾಯುವುದೇ ನಮ್ಮ ಕೆಲಸ. ಅಷ್ಟು ವರ್ಷ ಕಾದವಳು ಅಂದು ಕಾಯಲಿಲ್ಲ.

"ಕೋಳಿ ಸಾಯ್ಲಿ ಅಂತ ಹಿಡದಿದ್ದಿಲ್ಲ ನಾ" ಎಂದು ನನ್ನ ಬಾಯಿಂದ ಬಂದುಬಿಟ್ಟಿತು.

ಹುಡುಗಿಯ ಮುಖ ಬಿಳಿಚಿಕೊಂಡಿತು. "ನಿಮಗ ಯಾರು ಹೇಳಿದ್ರು? ನಮ್ಮವ್ವಗೂ ಹೇಳಿಲ್ರಿ ನಾ" ಎಂದಳು. ಆಕೆ ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು. ಮುಂದಿನ ಮಂಗಳವಾರ ಬರಲಿಲ್ಲ, ಅದರ ಮುಂದಿನ ಮಂಗಳವಾರವೂ ಬರಲಿಲ್ಲ.

ನೀಲಿ ಡ್ರಮ್ ಯಾರ ಹಿತ್ತಲಿನಲ್ಲಿಲ್ಲ ಹೇಳಿ. ಕುಡಿಯುವ ಅಪ್ಪಂದಿರಿಗೂ ಬರವಿಲ್ಲ. ಅಲ್ಲಿಯವರೆಗೆ ನನ್ನ ಬುದ್ಧಿ ಒಪ್ಪುತ್ತದೆ, ಕೋಳಿಯ ಹತ್ತಿರ ಬಂದು ನಿಂತುಬಿಡುತ್ತದೆ. ಮೊದಲ ಭೇಟಿಗಳಲ್ಲಿ ಆಕೆ ಏನಾದರೂ ಗೊಣಗಿದ್ದಳೇ? ನಾನು ಕೇಳಿಸಿಕೊಂಡೂ ಮರೆತೆನೇ? ಕಸ್ತೂರಿ ಅಕ್ಕ ದಣಿವು ಎನ್ನುತ್ತಾರೆ. ಇರಬಹುದು. ಆಮೇಲೆ ರಜೆ ಹಾಕಿದೆ, ಸಂಜೆ ಕೋಟೆ ಕೆರೆಯ ಸುತ್ತ ನಡೆದೆ, ಈಗ ಶುಕ್ರವಾರ ಎಲ್ಲರಿಗಿಂತ ಮೊದಲು ಬಾಯಿ ಬಿಡುವವಳು ನಾನೇ. ಆದರೂ ಉಡಿಯಲ್ಲಿ ಆ ಕೋಳಿಯ ಬಿಸುಪು ಹೋಗಿಲ್ಲ.

ಹುಡುಗಿ ಬರುವುದು ನಿಂತ ದಿನಗಳಲ್ಲಿ ಅಕ್ಕ ತಾವೇ ಗುಂಜಿಗೆ ಹೋಗಿಬಂದಿದ್ದರು. ರೇಣುಕಾ ಬಾಗಿಲಲ್ಲೇ ನಿಂತು ಹೇಳಿದಳಂತೆ: "ನಂದು ನಾನ ಹೇಳಬೇಕಂತ ಬಂದಿದ್ನಿರಿ. ಆ ಅಕ್ಕಾರು ಹೇಳಿಬಿಟ್ರು. ಈಗ ನನ್ನ ಕಡೆ ಹೇಳಾಕ ಏನೂ ಉಳದಿಲ್ರಿ."

ಅದು ನನ್ನ ಹತ್ತಿರ ಹೇಗೆ ಬಂತೋ ಇವತ್ತಿಗೂ ಗೊತ್ತಿಲ್ಲ. ಅವಳಿಗೆ ಹೇಗೆ ತಿರುಗಿ ಕೊಡುವುದೋ, ಅದೂ ಗೊತ್ತಿಲ್ಲ.