ಇಬ್ಬರೇ ಇದ್ದ ಸರ್ವರ್

ಎಲ್ಲರೂ ಬಳಸುವ ಮೆಸೇಜ್ ಆ್ಯಪನ್ನು ನಾನು ಬಿಟ್ಟಿದ್ದು ಜಂಬದಿಂದಲೇ. ನಾನು ಯಾರ ಜೊತೆ ಎಷ್ಟು ಹೊತ್ತು ಮಾತಾಡಿದೆ ಎನ್ನುವುದನ್ನು ಯಾವನೋ ಕಂಪನಿಯವನು ಯಾಕೆ ಬರೆದಿಟ್ಟುಕೊಳ್ಳಬೇಕು? ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಅಕ್ಕ ಬೈದಳು. ಬೈಯಲಿ ಎಂದುಕೊಂಡೆ. ವಿಮಾನಪುರದಲ್ಲಿ ನಾನೊಬ್ಬನೇ ಇರುವ ಮನೆಯ ಟಿವಿ ಹಿಂದೆ ಹಳೆಯ ಲ್ಯಾಪ್‌ಟಾಪೊಂದನ್ನಿಟ್ಟು, ಅದಕ್ಕೆ ಮುಕ್ತ ತಂತ್ರಾಂಶ ಹಾಕಿ, ಸಂದೇಶ, ಕರೆಗಳೆಲ್ಲ ಅದರ ಮೂಲಕವೇ ಹೋಗುವಂತೆ ನನ್ನದೇ ಸರ್ವರ್ ನಡೆಸತೊಡಗಿದೆ. ಅಕ್ಕ, ಕಚೇರಿಯವರು, ಕಾಲೇಜಿನ ಗೆಳೆಯರು, ಎಲ್ಲರನ್ನೂ ಅಲ್ಲಿಗೆ ಕರೆದೆ. ಎಲ್ಲರೂ ಆಯ್ತು ಆಯ್ತು ಎಂದರು. ಅದರ ಆ್ಯಪ್ ಹಾಕಿಕೊಂಡು ಬಂದವನು ಒಬ್ಬನೇ.

ಅವನು ಪುಲಿಕೇಶಿನಗರದ ನನ್ನ ಹಳೆಯ ಗೆಳೆಯ. ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದಾನೆ. ಇದರ ತಲೆಬುಡ ಅವನಿಗೆ ತಿಳಿಯುತ್ತಿರಲಿಲ್ಲ. ನಾನು ಒಬ್ಬನೇ ಆಗಿಬಿಡುತ್ತೇನೆಂದು ಬಂದಿದ್ದ. ಅವನಿಗೆ ಪಾಠ ಬೇರೆ ಮಾಡಿದ್ದೆ: ಮಾಮೂಲಿ ಫೋನ್ ಮಾಡಬೇಡ, ಕರೆಯನ್ನೂ ಇದರಲ್ಲೇ ಮಾಡು. ಮನೆಯಲ್ಲಿರುವಾಗ ನಾನು ಸಿಮ್ಮನ್ನೇ ಆಫ್ ಮಾಡಿಡುತ್ತಿದ್ದೆ, ಅಂಥ ಪುಣ್ಯಾತ್ಮ.

ಅವನ ತಾಯಿಯನ್ನು ನಾನೂ ಅಮ್ಮಿ ಎಂದೇ ಕರೆಯುತ್ತಿದ್ದೆ. ನನ್ನ ಅಮ್ಮ ಹೋದಮೇಲೆ ಪ್ರತಿ ಹಬ್ಬಕ್ಕೂ ಕರೆಸಿ, ಮಾಂಸ ತಿನ್ನದ ನನಗೊಬ್ಬನಿಗಾಗಿ ಬೇರೆ ಪಾತ್ರೆಯಲ್ಲಿ ಅಡುಗೆ ಮಾಡಿ, ಎದುರಿಗೆ ಕೂತು ಬಡಿಸುತ್ತಿದ್ದರು. ಕೊನೆಯ ಸಲ ಮಂಚದ ಮೇಲೆ ಒರಗಿಕೊಂಡೇ ಹೇಳಿದ್ದರು: "ನಾನು ಹೋದಾಗ ನೀನೂ ಮಣ್ಣು ಕೊಡ್ಬೇಕು ಬೇಟಾ. ನೀನೂ ನನ್ ಮಗನೇ." ಗೋರಿಗೆ ಮೂರು ಹಿಡಿ ಮಣ್ಣು ಹಾಕುವುದು ಅವರಲ್ಲಿ ಮಕ್ಕಳು, ನೆಂಟರು ತೀರಿಸುವ ಕೊನೆಯ ಋಣ. ಖಂಡಿತ ಅಮ್ಮಿ ಎಂದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಸರ್ವರ್‌ಗೆ ಹೊಸ ಆವೃತ್ತಿ ಹಾಕಲು ಕೂತೆ. ಕೆಟ್ಟು ಕೂತಿತು. ಬಿಡುವ ಪೈಕಿಯೇ ನಾನು? ಸ್ನಾನ, ಊಟ ಬಿಟ್ಟು, ಖುಷಿಯಿಂದಲೇ ರಿಪೇರಿ ಮಾಡಿದೆ. ಸಂಜೆ ಐದಕ್ಕೆ ಸರಿಹೋಯಿತು. ನನ್ನ ಸಾಹಸ ಅವನಿಗೆ ಬರೆಯಬೇಕು ಅನ್ನುವಷ್ಟರಲ್ಲಿ, ಬೆಳಿಗ್ಗೆಯಿಂದ ಅವನ ಫೋನಿನಲ್ಲೇ ಉಳಿದಿದ್ದ ಸಂದೇಶಗಳು ಒಂದರ ಹಿಂದೊಂದು ಬಂದವು. ಅಮ್ಮಿ ಹೋಗ್ಬಿಟ್ರು. ಮಧ್ಯಾಹ್ನದ ನಮಾಜ್ ಆದ್ಮೇಲೆ ಮಣ್ಣು. ಫೋನ್ ತೆಗಿ. ಎಲ್ಲಿದೀಯ.

ಆಟೊದಲ್ಲಿ ಅತ್ತುಬಿಟ್ಟೆ. ಅವನ ಮನೆ ಮುಂದೆ ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಅವನು ಭುಜ ಹಿಡಿದು ನನ್ನನ್ನು ಕೂರಿಸಿದ. ಸರ್ವರ್ ಕೆಟ್ಟ ಕಥೆ ಹೇಳಿದೆ, ಅದೂ ವಿವರವಾಗಿ. ಬಾಯಿಗೆ ಬೇರೇನೂ ಬರಲಿಲ್ಲ, ಥೂ ನನ್ನ ಜನ್ಮಕ್ಕೆ. ಪೂರ್ತಿ ಕೇಳಿಸಿಕೊಂಡು ಅವನು ಮೆಲ್ಲಗೆ ಹೇಳಿದ: "ಖಬರಸ್ತಾನದಲ್ಲಿ ಎಲ್ರನ್ನೂ ನಿಲ್ಲಿಸ್ಕೊಂಡು ಅರ್ಧ ಗಂಟೆ ಕಾದೆ ಗುರು. ಆಮೇಲೆ ನಿನ್ ಪಾಲಿನ ಮಣ್ಣೂ ನಾನೇ ಹಾಕ್ದೆ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಎರಡು ವಾರದ ನಂತರ, ಫೋನಿನಲ್ಲಿ ಜಾಗ ಸಾಲುತ್ತಿಲ್ಲ, ಆ ಆ್ಯಪ್ ತೆಗೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ ಎಂದು ಬರೆದ. ಬೇಜಾರು ಮಾಡಿಕೊಳ್ಳುವ ಹಕ್ಕು ನನಗೆಲ್ಲಿತ್ತು? ನಾನೇ ಹಿಂದಿನ ಆ್ಯಪ್‌ಗೆ ಮರಳಿ ಅವನಿಗೆ ನಮಸ್ಕಾರ ಕಳಿಸಿದೆ. ಅವನೂ ಕೈಮುಗಿದ ಚಿತ್ರ ಕಳಿಸಿದ. ಈ ಸಲದ ಹಬ್ಬಕ್ಕೆ ಶುಭಾಶಯವೂ ಬಂತು, ಅಂಗಡಿಯ ಗಿರಾಕಿಗಳಿಗೆಲ್ಲ ಹೋಗುವಂಥದ್ದೇ. ಬಾ ಅಂತ ಮಾತ್ರ ಬರೆದಿರಲಿಲ್ಲ.